ಸಂತಮಸದಲ್ಲಿ ಒಂದು ವರ್ಷ

“ಯಾರೂ ನೋಡಿಲ್ಲಂದ್ರ ನಾ ಹ್ಯಾಂಗ ಬರೀಲಿ ಟೀಚರ?”

ಎರಡು ಡ್ರಮ್ಮಿನ ಮೇಲೆ ಅಡ್ಡ ಹಾಕಿದ್ದ ಹಲಗೆಯ ಮೇಲೆ ನಿಂತು ಬುಡ್ಡೇಸಾಬ್ ಕೇಳಿದ. ಕೆಳಗೆ ಭುವನೇಶ್ವರಿ ಕೈಯಲ್ಲೊಂದು ಹಾಳೆ ಹಿಡಿದು ನಿಂತಿದ್ದಳು. ಜವಳಗೇರಾದ ಆ ಪ್ರೌಢಶಾಲೆಗೆ ಅವಳು ವಿಜ್ಞಾನದ ಟೀಚರು. ಸಿಂಧನೂರಿನಿಂದ ದಿನಾ ಬಸ್ಸಿಗೆ ಬಂದು ಹೋಗುತ್ತ ಆರು ವರ್ಷವಾಗಿತ್ತು. ಕಾಂಪೌಂಡಿನ ಆಚೆಗೇ ರಾಯಚೂರು ರಸ್ತೆ; ಶಾಲೆಯ ಮಕ್ಕಳಿಗಾಗಿ ಹಾಕಿದ ರೋಡ್ ಹಂಪು ಗೋಡೆಗೆ ಸರಿಯಾಗಿ ಎದುರಿಗಿತ್ತು. ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಅದನ್ನು ಹತ್ತಿ ಇಳಿದು ಧಡಲ್ ಎಂದಿತು, ಬುಡ್ಡೇಸಾಬನ ಕಾಲ ಕೆಳಗಿನ ಹಲಗೆಯೂ ಅಲುಗಿತು.

ಈ ಫಜೀತಿಗೆ ಮೂಲ ಅವನೇ. ಹೆಡ್‌ಮಾಸ್ತರರು ‘ಗೋಡೆ ತುಂಬ ಸೌರಮಂಡಲ ಬರೀರಿ’ ಎಂದಿದ್ದೇ ತಡ, ಯಾರನ್ನೂ ಒಂದು ಮಾತು ಕೇಳದೆ, ಭಾನುವಾರ ಬಂದು ದಾರ ಹಿಡಿದು ಅಳೆದು ಒಂಬತ್ತು ಚೌಕ ಹೊಡೆದು, ಸುತ್ತ ನೀಲಿ ಎನಾಮೆಲ್ ಅಂಚನ್ನೂ ಕಟ್ಟಿಬಿಟ್ಟಿದ್ದ. ಗ್ರಹಗಳು ಒಂಬತ್ತು ಎಂಬುದು ಅವನಿಗೆ ಕೇಳಿ ತಿಳಿಯಬೇಕಾದ ಸಂಗತಿಯೇ ಅಲ್ಲ. ಸುತ್ತಲಿನ ಊರುಗಳ ಗುಡಿಗಳಲ್ಲಿ ನವಗ್ರಹಗಳಿಗೆ ಎಷ್ಟು ಸಲ ಬಣ್ಣ ಹಚ್ಚಿಲ್ಲ ಅವನು! ಸೋಮವಾರ ಭುವನೇಶ್ವರಿ ಬಂದು ಎಂಟೇ ಎಂದಾಗ ಅವನ ಮುಖ ಇಷ್ಟೇ ಇಷ್ಟಾಯಿತು. “ನಾ ಸಾಲಿ ಕಲಿಯೋವಾಗ ಒಂಬತ್ತಿದ್ವಲ್ರೀ? ಒಂದನ್ನ ಯಾರು ತೆಗದ್ರು?” ಎಂದು ತಕರಾರು ತೆಗೆದ. ಎಂಟು ಚೌಕ ತುಂಬಿದವು, ಒಂಬತ್ತನೆಯದು ಬಿಳಿಯಾಗಿ ಉಳಿಯಿತು. ರಾಹುವನ್ನಾದರೂ ಬರೆಸಿ ಎಂದು ಗಣಿತದ ಮಾಸ್ತರರು ನಕ್ಕರು. ಭುವನೇಶ್ವರಿ, “ಅದಕ್ಕ ನಾ ಒಂದು ಕೊಡ್ತೀನಿ, ಖಾಲಿ ಬಿಡಬ್ಯಾಡ್ರಿ” ಎಂದಿದ್ದಳು.

“ಇದು ನಮ್ಮ ಸೂರ್ಯಂದಲ್ಲ ಸಾಬಣ್ಣ. ಬ್ಯಾರೆ ನಕ್ಷತ್ರದ್ದು. ಆ ನಕ್ಷತ್ರದ ಹೆಸರು ಬಿಭಾ, ಗ್ರಹದ ಹೆಸರು ಸಂತಮಸ. ನಮ್ಮ ದೇಶದವರ ಇಟ್ಟ ಹೆಸರು.”

“ನೋಡಿದವರಿಲ್ಲ, ಹೆಸರು ಮಾತ್ರ ಇಟ್ಟಾರ!” ಎಂದು ಅವನು ನಕ್ಕ. “ಮತ್ತ ಐತಿ ಅಂತ ಹ್ಯಾಂಗ ಗೊತ್ತಾತು?”

“ಅದು ಸುತ್ತ ತಿರಗತೈತಲ್ಲ, ಅದರ ಜಗ್ಗಾಟಕ್ಕ ಆ ನಕ್ಷತ್ರ ಒಂದೀಟು ಅಲಗತೈತಿ. ದೊಡ್ಡ ದುರ್ಬೀನಿಲೆ ಆ ಅಲಗೋದನ್ನ ಅಷ್ಟ ನೋಡ್ಯಾರ.” ಅವನಿಗೆ ತಿಳಿಯಲಿಲ್ಲವೆಂದು ಕಂಡು ಅವಳು ಮತ್ತೊಂದು ಬಗೆಯಲ್ಲಿ ಹೇಳಿದಳು. “ದೂರದಾಗ ಒಬ್ಬಾಕಿ ಸೊಂಟದ ಮ್ಯಾಲ ತುಂಬಿದ ಕೊಡ ಇಟಗೊಂಡು ಹೊಂಟಾಳ ಅನ್ರಿ. ಕೊಡ ನಮಗ ಕಾಣವಲ್ಲದು. ಆದ್ರ ಆಕಿ ನಡಗಿ ನೋಡಿದ್ರ ಗೊತ್ತಾಗಂಗಿಲ್ಲೇನು?”

“ಗೊತ್ತಾಗತೈತಿ ಬಿಡ್ರಿ. ಎಷ್ಟು ತುಂಬೈತಿ ಅನ್ನೋದು ಸೈತ ಗೊತ್ತಾಗತೈತಿ.” ಬುಡ್ಡೇಸಾಬ್ ಹಲಗೆಯ ಮೇಲೆ ಕುಳಿತೇಬಿಟ್ಟ. “ಅಂದ್ರ ಇದು ಕೇಳಿ ಬರಿಯೋ ಪಟ. ಮೊದಲ ಹೇಳಬಾರದೇನ್ರಿ? ಇದು ನನ್ನ ಕಸಬು.”

ಅವನು ಮಸ್ಕಿಯವನು, ಅರವತ್ತಾರು ವರ್ಷ. ಫ್ಲೆಕ್ಸ್ ಬೋರ್ಡು ಬಂದು ಅವನ ಕೈಯ ಅಂಗಡಿ ಹೆಸರುಗಳನ್ನೆಲ್ಲ ನುಂಗಿದ ಮೇಲೆ ಶಾಲೆ, ಗುಡಿ, ಗೋಡೆ ಎಂದು ಅಲೆದುಕೊಂಡಿದ್ದ. ಅದಕ್ಕೂ ಮೊದಲು ಅವನಿಗೆ ಇನ್ನೊಂದು ಕೆಲಸವಿತ್ತು. ಫೋಟೋ ತೆಗೆಸಿಕೊಳ್ಳದೆ ಸತ್ತವರ ಪಟ ಬರೆಯುವುದು.

“ಮುದುಕ ಸತ್ತ ಮ್ಯಾಲ ಮಕ್ಕಳು ಬರೋರು. ಸಾಬಣ್ಣ, ನಮ್ಮಪ್ಪನ ಪಟ ಬೇಕು, ಪೂಜಿಗೆ ಇಡಬೇಕು ಅನ್ನೋರು. ನಾ ಆ ಮುದುಕನ್ನ ಜನ್ಮದಾಗ ನೋಡಿರಂಗಿಲ್ಲ. ಮನೀ ಮಂದೀನ ಸಾಲಾಗಿ ಕುಂದರಸ್ತಿದ್ನಿ. ಹಣಿ ಯಾರ ಹಂಗ? ಮೂಗು ಯಾರ ಹಂಗ? ಈ ಸಣ್ಣ ಮಗನ ಹಂಗ, ಆದ್ರ ತುದಿ ಜರಾ ಬಾಗಿತ್ತು ಅನ್ನೋರು. ಕಿವಿ ಒಬ್ಬನ ಕಡಿಂದ, ಗದ್ದ ಒಬ್ಬಾಕಿ ಕಡಿಂದ ತಗೊಂಡು ಕೂಡಸ್ತಿದ್ನಿ. ಕಣ್ಣು ಮಾತ್ರ ಅಖೈರಿಗೆ.”

“ಬರೋಬ್ಬರಿ ಬಂತು ಅಂತ ನಿಮಗ ಹ್ಯಾಂಗ ಗೊತ್ತಾಗತಿತ್ತು?”

“ಅಳಾಕ ಹತ್ತಿದ್ರ ಬಂತು ಅಂತ. ತಕರಾರು ಮಾಡಿದ್ರ ಮೂಗು ಅಳಿಸಿ ಇನ್ನೊಮ್ಮೆ ಬರೀತಿದ್ನಿ.” ಅವನು ಕುಂಚದ ತುದಿಯಿಂದ ಗಡ್ಡ ಕೆರೆದುಕೊಂಡ. “ಒಂದ ಮಾತು. ಕಣ್ಣಿಲೆ ನೋಡಿದವರು ಒಬ್ಬರರ ಬೇಕು. ಹತ್ತು ಮಂದಿ ಬ್ಯಾಡ, ಒಬ್ಬರು ಸಾಕು.”

ಒಬ್ಬರು ಸಾಕು! ಆ ಒಬ್ಬರು ಭುವನೇಶ್ವರಿಯ ಮನೆಯಲ್ಲೇ ಇದ್ದರು.

ಹನ್ನೊಂದು ವರ್ಷದ ಹಿಂದೆ ಒಂದು ಸೋಮವಾರ, ಬೆಳಗಿನ ಆರು ಗಂಟೆಗೆ, ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಕೊಯ್ದು ಅವಳ ಚೊಚ್ಚಲ ಮಗಳನ್ನು ತೆಗೆದಿದ್ದರು. ಕೂಸಿಗೆ ಉಸಿರು ಸರಿಯಿರಲಿಲ್ಲ. ರಾಯಚೂರಿಗೆ ಒಯ್ಯಬೇಕೆಂದರು. ತಾಯಿಗೆ ಇನ್ನೂ ಮೈಮೇಲೆ ಎಚ್ಚರವಿರಲಿಲ್ಲ, ರಕ್ತ ಬೇರೆ ಬೇಕಾಗಿತ್ತು. ರಕ್ತಕ್ಕಾಗಿ ಓಡಾಡುತ್ತಿದ್ದ ಗಂಡ ಗುರುಬಸವ ಕೂಸಿನ ಮುಖ ಕಾಣದೆಯೇ ಅವಳ ಹತ್ತಿರ ಉಳಿದ. ಕೂಸಿನ ಜೊತೆ ಆ್ಯಂಬುಲೆನ್ಸಿನಲ್ಲಿ ಹೋದವರು ಮಾವ ಅಮರಗುಂಡಪ್ಪ, ಅತ್ತೆ ಕಸ್ತೂರೆಮ್ಮ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಗುರುಬಸವನ ಫೋನು ಬಡಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ, ಅವನು ಹೋಗಿ ಮುಟ್ಟುವ ಮೊದಲೇ, ತಮ್ಮೂರು ವಳಕಮದಿನ್ನಿಯ ಹೊಲದ ಬದುವಿನಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ಹೇಳಿದ್ದು ಸಂಜೆ.

ಬರಿ ಮಡಿಲಿನಲ್ಲಿ ಬಾಣಂತನಕ್ಕೆ ಲಿಂಗಸುಗೂರಿನ ತವರಿಗೆ ಹೋದಳು. ತಾಯಿ ಎದೆಗೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದು ಹಾಲು ಬತ್ತಿಸಿದಳು. ಬಂದವರೆಲ್ಲ ಒಂದೇ ಮಾತು ಹೇಳಿದರು: ಮುಖ ನೋಡದಿದ್ದದ್ದೇ ಚಲೋ ಆತು, ನೋಡಿದ್ದರೆ ಮಾಯೆ ಹತ್ತುತ್ತಿತ್ತು. ಅವರಿಗೇನು ಗೊತ್ತು! ನೋಡದ ಮುಖ ಅವಳನ್ನು ಒಂದು ದಿನಕ್ಕೂ ಬಿಟ್ಟಿರಲಿಲ್ಲ. ಎರಡು ವರ್ಷದ ಮೇಲೆ ಭಾಗ್ಯಶ್ರೀ ಹುಟ್ಟಿದಳು; ಕಸ್ತೂರೆಮ್ಮ ಆ ಕೂಸನ್ನು ಎತ್ತಿ ನೋಡಿದವಳೇ ಥಟ್ಟನೆ ಮರಳಿ ಇಟ್ಟು ಹೊರಗೆ ಹೋಗಿದ್ದಳು. ಮತ್ತೆ ಹೆಣ್ಣಾಯಿತೆಂದು ಮುದುಕಿಗೆ ಸಿಟ್ಟು ಎಂದುಕೊಂಡ ಭುವನೇಶ್ವರಿ ಅದನ್ನು ಮರೆತಿರಲಿಲ್ಲ. ಅಮರಗುಂಡಪ್ಪ ಬಾಯಿ ಬಿಡದೆ ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಹೋದ ಸಂಕ್ರಾಂತಿಯಲ್ಲಿ ಕಸ್ತೂರೆಮ್ಮನೂ ಎದೆನೋವೆಂದು ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದಳು. ಆ ನಾಲ್ಕು ದಿನ ಭುವನೇಶ್ವರಿ ಅತ್ತೆಗಾಗಿ ಹೆದರಿದ್ದು ಎಷ್ಟೋ, ಅತ್ತೆಯ ಕಣ್ಣಲ್ಲಿ ಉಳಿದ ಆ ಮುಖಕ್ಕಾಗಿ ಹೆದರಿದ್ದೂ ಅಷ್ಟೇ.

ಅವತ್ತು ಸಂಜೆ ಕಸ್ತೂರೆಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಸೋಮವಾರದ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಭುವನೇಶ್ವರಿ ಬಂದು ಎದುರಿಗೆ ಕುಳಿತಳು.

“ಅತ್ತೀ, ಆ ಕೂಸಿನ ಮುಖ ಹ್ಯಾಂಗಿತ್ತು?”

ಮೊಳಕಾಲ ಮೇಲೆ ಉರುಳುತ್ತಿದ್ದ ಅಂಗೈ ನಿಂತಿತು. ಯಾವ ಕೂಸು ಎಂದು ಮುದುಕಿ ಕೇಳಲಿಲ್ಲ.

“ಈಗ್ಯಾಕ ಅದರ ಮಾತು? ದೇವರು ಭಾಗ್ಯಾನ್ನ ಕೊಟ್ಟಾನ, ತಣ್ಣಗ ಇರಲಿ.”

“ಯಾರ ಹಂಗಿತ್ತು ಅಂತ ಹೇಳ್ರಿ ಸಾಕು.”

“ನೆನಪಿಲ್ಲವ್ವ ನನಗ.”

ನೆನಪಿಲ್ಲವಂತೆ! ನಲವತ್ತು ವರ್ಷದ ಹಿಂದಿನ ಮದುವೆಯಲ್ಲಿ ಬೀಗರು ಉಡಿಸಿದ ಸೀರೆಯ ಅಂಚು ಹೇಳುವವಳು, ಯಾವ ಎಮ್ಮೆ ಯಾವ ಅಮಾವಾಸ್ಯೆಗೆ ಈದಿತ್ತೆಂದು ಹೇಳುವವಳು. “ನೀವು ಹೋದ್ರ ನಿಮ್ಮ ಕೂಡ ಅದೂ ಹೋಗತೈತಿ ಅತ್ತೀ” ಎಂದುಬಿಟ್ಟಳು ಭುವನೇಶ್ವರಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಒಳಗೆ ಟಿವಿ ನೋಡುತ್ತಿದ್ದ ಗುರುಬಸವ ಸದ್ದು ಸಣ್ಣದು ಮಾಡಿದವನು ಮತ್ತೆ ದೊಡ್ಡದು ಮಾಡಿದ. ಕಸ್ತೂರೆಮ್ಮ ಹತ್ತಿಯನ್ನೆಲ್ಲ ಬುಟ್ಟಿಗೆ ತುಂಬಿ, ಗೋಡೆ ಹಿಡಿದು ಎದ್ದು ದೇವರ ಕೋಣೆಗೆ ಹೋದಳು.

ಇತ್ತ ಶಾಲೆಯಲ್ಲಿ ಒಂಬತ್ತನೆಯ ಚೌಕ ತುಂಬತೊಡಗಿತು. ಬುಡ್ಡೇಸಾಬ್ ಸತ್ತವರ ಮನೆಯಲ್ಲಿ ಕೇಳುವ ಹಾಗೆಯೇ ಕೇಳಿದ. “ಮೈಬಣ್ಣ ಯಾರ ಹಂಗ?” ಅವಳು ಐದನೆಯ ಚೌಕ ತೋರಿಸಿ, “ಗುರುವಿನ ಹಂಗ ಇದ್ದೀತು. ಅದಕ್ಕಿಂತ ಒಂದೂವರಿ ಪಟ್ಟು ಭಾರ. ಆದ್ರ ತಾಯಿಗೆ ಬಾಳ ಹತ್ತಿರ, ಕೆಂಡ ಕಾದಂಗ ಕಾದಿರತೈತಿ” ಎಂದಳು. “ಮೋಡ?” “ಇರಬಹುದು. ಸಂತಮಸ ಅಂದ್ರನ ಮೋಡ ಕವಿದದ್ದು ಅಂತ.” “ತಿರಗೋದು ಹ್ಯಾಂಗ?” “ಒಂದ ಮಗ್ಗಲು ತಾಯಿ ಕಡಿ ಮಾಡಿಕೊಂಡಿರತೈತಿ ಅಂತಾರ. ಆ ಕಡಿ ಸದಾ ಹಗಲು, ಈ ಕಡಿ ಸದಾ ಕತ್ತಲಿ.”

ಅವನು ಗುರುವಿನಿಂದ ಪಟ್ಟೆಗಳನ್ನು ತೆಗೆದುಕೊಂಡ, ಮಂಗಳನಿಂದ ಕೆಂಪು, ಶುಕ್ರನಿಂದ ಮೋಡ. ಬಲಗಡೆ ಕಪ್ಪು ಬಳಿದ. ಕೆಂಪು ಮತ್ತು ಕಪ್ಪು ಕೂಡುವಲ್ಲಿ ಬೆರಳಿನಿಂದಲೇ ತೀಡಿ ತೀಡಿ ಬೂದುಬಣ್ಣದ ಒಂದು ತೆಳ್ಳನೆಯ ಪಟ್ಟಿ ತಂದ. ಅದಕ್ಕೇ ಅರ್ಧ ದಿನ ಹಿಡಿಯಿತು.

ಬರಹ ಬರೆಯುವಾಗ ಅವನಿಗೆ ಗಟ್ಟಿಯಾಗಿ ಓದಿಕೊಂಡು ಬರೆಯುವ ಚಾಳಿ. ಭುವನೇಶ್ವರಿ ಕೊಟ್ಟ ಹಾಳೆ ನೋಡಿ ಬುಧವಾರ ಮೊದಲ ಸಲ ಪೂರ್ತಿ ಓದಿದ.

“ಹೆಸರು ಸಂತಮಸ. ತಾಯಿ ನಕ್ಷತ್ರ ಬಿಭಾ. ಸಿಂಹ ರಾಶಿಯ ಕೆಳಗೆ, ಬರಿಗಣ್ಣಿಗೆ ಕಾಣದಷ್ಟು ದೂರ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಮುನ್ನೂರಕ್ಕೂ ಹೆಚ್ಚು ವರ್ಷ ಬೇಕು. ಇದನ್ನು ಯಾರೂ ಕಂಡಿಲ್ಲ. ತಾಯಿ ಅಲುಗುವುದರಿಂದ ಇದು ಇದೆಯೆಂದು ತಿಳಿಯಿತು. ಇಲ್ಲಿ ಒಂದು ವರ್ಷವೆಂದರೆ ನಮ್ಮ ಎರಡು ದಿನ, ಮೂರು ತಾಸು. ಈ ನೆಲದಲ್ಲಿ ಒಂದು ಕೂಸು ಹುಟ್ಟಿ ಎರಡು ದಿನ ಮೂರು ತಾಸು ಬದುಕಿದರೆ, ಅದಕ್ಕೆ ವರ್ಷ ತುಂಬಿತು.”

ಅವನು ಹಾಳೆಯಿಂದ ತಲೆ ಎತ್ತಿದ. “ಕೆಂಡದಂಗ ಕಾದಿರತೈತಿ ಅಂದ್ರಿ. ಅಲ್ಲಿ ಕೂಸು ಎಲ್ಲಿಂದ ಬಂತು ಟೀಚರ?”

ಸೋಮವಾರ ಆರರಿಂದ ಬುಧವಾರ ಒಂಬತ್ತರವರೆಗೆ. ಪುಸ್ತಕದಲ್ಲಿ ಆ ಗ್ರಹದ ವರ್ಷ ಓದಿದ ದಿನವೇ ಅವಳು ಬೆರಳು ಮಡಿಚಿ ಎಣಿಸಿದ್ದಳು. ಸ್ಟಾಫ್‌ರೂಮಿನ ಯಾರಿಗೂ ಹೇಳದಿದ್ದುದನ್ನು ಆ ಹಲಗೆಯ ಪಕ್ಕ ನಿಂತು ಬುಡ್ಡೇಸಾಬನಿಗೆ ಹೇಳಿದಳು. ಅವನು ಬರೆಯುವುದು ಬಿಟ್ಟು ಕೇಳಿಸಿಕೊಂಡ. ಕೊನೆಗೆ, “ನೋಡಿದವರು?” ಎಂದು ಮಾತ್ರ ಕೇಳಿದ.

“ನಮ್ಮತ್ತಿ ಒಬ್ಬಾಕಿ ಅದಾಳ. ನೆನಪಿಲ್ಲ ಅಂತಾಳ.”

“ನೆನಪಿಲ್ಲ ಅಂದ್ರ ಬಾಳ ನೆನಪೈತಿ ಅಂತ ತಿಳಕೋರಿ. ಎಷ್ಟು ಮನ್ಯಾಗ ನೋಡೀನಿ. ಜಬರದಸ್ತಿ ಮಾಡಬ್ಯಾಡ್ರಿ.” ಅವನು ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದ. “ನಮ್ಮ ಮನ್ಯಾಗ ಪಟ ಹಾಕಂಗಿಲ್ಲ. ನಮ್ಮ ಮನಿಯಾಕಿ ಕರೀಮಾಬಿ ಹೋಗಿ ಮೂರು ವರ್ಷಾತು. ಊರ ಮಂದಿ ಮುಖ ಎಲ್ಲಾ ಬರದೆ, ಆಕೀದು ಬರೀಲಿಲ್ಲ. ಆಕಿ ಮೂಗು ಹ್ಯಾಂಗಿತ್ತು ಅಂತ ಯಾರರ ಕೇಳಿದ್ರ ನಾ ಹೊತ್ತು ಮುಳುಗೋ ತನಕ ಹೇಳ್ತೀನಿ. ಯಾರು ಕೇಳ್ತಾರ?”

ಗುರುವಾರ ಸಂಜೆ ಭಾಗ್ಯಶ್ರೀ ಅವ್ವನ ಚೀಲದಲ್ಲಿ ಪೆನ್ಸಿಲ್ ಹುಡುಕುತ್ತ ಆ ಬರಹದ ಕರಡು ಹಾಳೆ ತೆಗೆದಳು. ಒಂಬತ್ತು ವರ್ಷದ ಹುಡುಗಿ. ಕೈಗೆ ಏನು ಸಿಕ್ಕರೂ ಶಾಲೆಯಲ್ಲಿ ಪಾಠ ಒಪ್ಪಿಸುವ ರಾಗದಲ್ಲಿ ಓದುವುದು ಅವಳ ಸ್ವಭಾವ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೂ ಓದಿದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕಸ್ತೂರೆಮ್ಮನ ಕೈಯ ಸದ್ದು ಕೊನೆಯ ಸಾಲಿಗೆ ನಿಂತಿತು. ಭುವನೇಶ್ವರಿ ಮಗಳ ಕೈಯಿಂದ ಹಾಳೆ ಕಸಿದುಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀದು ಮನೆಯೆಲ್ಲ ವಾಸನೆ ತುಂಬಿತು.

ಶನಿವಾರ ಬೆಳಿಗ್ಗೆ ಭುವನೇಶ್ವರಿ ಚಪ್ಪಲಿ ಮೆಟ್ಟುವಾಗ ಕಸ್ತೂರೆಮ್ಮ ಇಳಕಲ್ ಸೀರೆಯುಟ್ಟು, ಹಣೆತುಂಬ ವಿಭೂತಿ ಹಚ್ಚಿ ಬಾಗಿಲಲ್ಲಿ ನಿಂತಿದ್ದಳು.

“ನಾನೂ ಬರ್ತೀನಿ ನಿನ್ನ ಸಾಲಿಗೆ. ಅದೇನೋ ಗ್ವಾಡಿ ಬರಸಾಕತ್ತೀಯಂತಲ್ಲ, ನೋಡ್ತೀನಿ.”

ಗುರುಬಸವ ಬಾಯಿ ತೆರೆದು ನಿಂತ. ರಾಯಚೂರು ರಸ್ತೆ ಹಿಡಿಯುವ ಯಾವ ಮದುವೆ, ಯಾವ ಸೀಮಂತಕ್ಕೂ ಅವನ ತಾಯಿ ಹನ್ನೊಂದು ವರ್ಷದಿಂದ ಹೋದವಳಲ್ಲ. ಕೇಳಿದರೆ ಬಸ್ಸಿನಲ್ಲಿ ತಲೆ ಸುತ್ತುತ್ತದೆ ಎನ್ನುವಳು. ಅವತ್ತು ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತು ದಾರಿಯುದ್ದಕ್ಕೂ ಕೊಯ್ಲಾದ ಗದ್ದೆ, ಕಾಲುವೆ ನೋಡುತ್ತಿದ್ದಳು. ಬಸ್ ಸ್ಟ್ಯಾಂಡು ಶಾಲೆಯನ್ನು ದಾಟಿ ಸ್ವಲ್ಪ ಮುಂದೆ. ಹಂಪು ಬಂದಾಗ ಕಸ್ತೂರೆಮ್ಮ ಕಣ್ಣು ಮುಚ್ಚಿದಳು. ಖರೇನೇ ತಲೆ ಸುತ್ತುತ್ತಿರಬೇಕು, ಪಾಪ, ಎಂದುಕೊಂಡಳು ಭುವನೇಶ್ವರಿ.

ಶನಿವಾರದ ಶಾಲೆ ಬೇಗ ಬಿಟ್ಟಿತು. ಮಕ್ಕಳು ಹೋದ ಮೇಲೆ ಭುವನೇಶ್ವರಿ ಸ್ಟಾಫ್‌ರೂಮಿನಿಂದ ಒಂದು ಕುರ್ಚಿ ತಂದು ಬೇವಿನ ಮರದ ಕೆಳಗೆ, ಗೋಡೆಗೆ ಎದುರಾಗಿ ಹಾಕಿದಳು. ಕಸ್ತೂರೆಮ್ಮ ಕುಳಿತು ಒಂದೊಂದೇ ಚೌಕ ನೋಡುತ್ತ ಬಂದು ಒಂಬತ್ತನೆಯದರಲ್ಲಿ ನಿಂತಳು. ಬುಡ್ಡೇಸಾಬ್ ಕೊನೆಯ ಸಾಲು ಬರೆಯುತ್ತಿದ್ದ, ತುಟಿ ಅಲುಗಿಸುತ್ತ, ಒಂದೊಂದು ಪದ ಗಟ್ಟಿಯಾಗಿ ಅನ್ನುತ್ತ.

“ಸಾಬಣ್ಣ, ಅದನ್ನ ಇನ್ನೊಮ್ಮೆ ಓದು.”

ಅವನು ತಿರುಗಿ ನೋಡಿದ. ಯಾರೆಂದು ಯಾರೂ ಹೇಳಬೇಕಾಗಲಿಲ್ಲ. ನಿಧಾನವಾಗಿ ಓದಿದ. “ಈ ನೆಲದಲ್ಲಿ ಒಂದು ಕೂಸು ಹುಟ್ಟಿ ಎರಡು ದಿನ ಮೂರು ತಾಸು ಬದುಕಿದರೆ, ಅದಕ್ಕೆ ವರ್ಷ ತುಂಬಿತು.”

“ಇದನ್ನ ನನಗ ಚುಚ್ಚಾಕಂತ ಬರದೀ ಏನವ್ವ?”

“ಇಲ್ಲ ಅತ್ತೀ. ನನಗಂತ ಬರಕೊಂಡೀನಿ.”

ಕಸ್ತೂರೆಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಳು. ಆಮೇಲೆ ಗೋಡೆಯನ್ನೇ ನೋಡುತ್ತ ಹೇಳಿದಳು. “ಅವತ್ತ ನರ್ಸಮ್ಮ ಕೇಳಿದ್ಲು. ಗಾಡಿ ಹತ್ತೋಕಿಂತ ಮೊದಲ ತಾಯಿ ಹತ್ರ ಒಮ್ಮೆ ಒಯ್ದು ತೋರಸ್ತೀರೇನು, ಕೆನ್ನಿಗೆ ಹಚ್ಚಿದ್ರ ಎಚ್ಚರಾದೀತು ಅಂದ್ಲು. ನಾನ ಬ್ಯಾಡಂದ್ನಿ. ಹೊತ್ತಾಗತೈತಿ, ಆರಾಮಾಗಿ ಬಂದ ಮ್ಯಾಲ ಕಣ್ತುಂಬ ನೋಡ್ತಾಳ ಅಂದ್ನಿ. ನಿಮ್ಮ ಮಾವಗೂ ಹೇಳಬ್ಯಾಡ್ರಿ ಅಂತ ಆಣಿ ಹಾಕಿದ್ದೆ. ಮುಖದ ಮಾತು ತೆಗದ್ರ ಇದೂ ಬಾಯಿಗೆ ಬರತೈತಿ ಅಂತ ಹೆದರಿಕಿ.”

ಭುವನೇಶ್ವರಿಗೆ ಸಿಟ್ಟು ಬಂತು. ಕಾಲಿನಿಂದ ಹತ್ತಿ ಕಿವಿಯವರೆಗೆ ಬಂತು. ಹತ್ತು ಹೆಜ್ಜೆ. ವಾರ್ಡಿನ ಬಾಗಿಲಿನಿಂದ ಅವಳ ಮಂಚಕ್ಕೆ ಹತ್ತು ಹೆಜ್ಜೆಯೂ ಇದ್ದಿರಲಿಲ್ಲ. ಕೂಗಾಡಬೇಕೆನಿಸಿತು, ಅತ್ತೆಯನ್ನು ಆ ಕುರ್ಚಿಯಲ್ಲೇ ಬಿಟ್ಟು ಬಸ್ಸು ಹತ್ತಿಬಿಡಬೇಕೆನಿಸಿತು. ಆದರೆ ಇಷ್ಟು ವರ್ಷ ಮುಚ್ಚಿದ್ದ ಬಾಯಿ ಈಗ ತೆರೆದಿತ್ತು. ತಾನು ಕೂಗಿದರೆ ಅದು ಮತ್ತೆ ಮುಚ್ಚುತ್ತದೆಂಬ ದಿಗಿಲು ಸಿಟ್ಟಿಗಿಂತ ದೊಡ್ಡದಾಗಿತ್ತು. ಅವಳು ನೆಲದ ಮೇಲೆ, ಬೇವಿನ ಬೇರಿನ ಹತ್ತಿರ ಕುಳಿತಳು.

“ಆಮ್ಯಾಲ?” ಎಂದಳು.

ಬುಡ್ಡೇಸಾಬ್ ಹಲಗೆಯಿಂದ ಇಳಿದ. ಅದೇ ಬರಹದ ಹಾಳೆಯನ್ನು ಮಗುಚಿ, ಭುವನೇಶ್ವರಿಯ ಹಾಜರಿ ಪುಸ್ತಕದ ಮೇಲೆ ಇಟ್ಟುಕೊಂಡು, ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದ. ಮುದುಕಿಯ ಕಡೆ ನೋಡಲಿಲ್ಲ. ಅದು ಅವನ ರೀತಿ. ಹೇಳುವವರ ಮುಖ ನೋಡಿದರೆ ಅವರ ಮುಖವೇ ಕೈಗೆ ಬರುತ್ತದೆ ಎನ್ನುವನು.

“ಯಕ್ಕಾ, ಎತಗೊಂಡಾಗ ತಲಿ ಯಾವ ಕೈ ಮ್ಯಾಲಿತ್ತು?”

“ಎಡಗೈ ಮ್ಯಾಲ.”

“ಹಣಿ?”

“ಎಲ್ಲಿ ಹಣಿ! ಕಡೀಕ ಈಬತ್ತಿ ಹಚ್ಚಬೇಕಂದ್ರ ಮೂರು ಬಳ್ಳು ಹಿಡೀಲಿಲ್ಲ. ಒಂದ ಬಳ್ಳಿಲೆ ಎಳದ್ನಿ.” ಮುದುಕಿ ತನ್ನ ತೋರುಬೆರಳನ್ನು ಎತ್ತಿ, ಅದರ ಮೇಲೆ ಇನ್ನೂ ವಿಭೂತಿ ಇದೆಯೋ ಎನ್ನುವ ಹಾಗೆ ನೋಡಿಕೊಂಡಳು. “ಕೂದಲಾ ಬಾಳ ಇದ್ವು. ಕರ್ರಗ, ಹಣಿ ಮ್ಯಾಲ ಬಂದಿದ್ವು.”

“ಮೂಗು ಯಾರದು?”

“ನಿಮ್ಮ ಮಾವಂದು. ಮೊಂಡ.” ಇದನ್ನು ಭುವನೇಶ್ವರಿಗೆ ಹೇಳಿದಳು, ಹೇಳುವಾಗ ಮುಖದ ಮೇಲೆ ಒಂದು ನಗೆ ಬಂದು ಹೋಯಿತು. “ಅವರ ಅಂದ್ರು ಗಾಡ್ಯಾಗ. ಸುಡಗಾಡ ನನ್ನ ಮೂಗು ಬಂದೈತಲ್ಲ, ಹೆಣ್ಣಿಗೆ ಹ್ಯಾಂಗ ಅಂದ್ರು.”

“ಕಿವಿ?”

“ಕಿವಿ ಭಾಗ್ಯಾಂದು. ಎಡಗಿವಿ ಮ್ಯಾಲಿನ ಅಂಚು ಜರಾ ಮಡಚೈತಲ್ಲ, ಬರೋಬ್ಬರಿ ಅದ. ಭಾಗ್ಯಾ ಹುಟ್ಟಿದಾಗ ಎತಗೊಂಡ್ನಿ, ಆ ಕಿವಿ ಕಾಣಿಸ್ತು. ಅಲ್ಲೇ ಇಟ್ಟು ಎದ್ದು ಹೋದ್ನಿ. ಹೆಣ್ಣು ಅಂತ ಸಿಟ್ಟಾದ್ಲು ಅಂದ್ರಿ ನೀವೆಲ್ಲ. ಅನ್ನಲಿ ಬಿಡು ಅಂತ ಸುಮ್ಮನಿದ್ದೆ.”

ಒಂಬತ್ತು ವರ್ಷ ಆ ಕಿವಿಯ ಹಿಂದೆ ಎಣ್ಣೆ ತಿಕ್ಕಿ, ಜಡೆ ಎಳೆದು, ಓಲೆ ಸಿಗಿಸಿ ಬಂದವಳು ಭುವನೇಶ್ವರಿ.

ಪೆನ್ಸಿಲ್ ಹಾಳೆಯ ಮೇಲೆ ಸರಸರ ಸದ್ದು ಮಾಡುತ್ತಿತ್ತು. ತುಟಿ, ಗದ್ದ, ಕೆನ್ನೆ. ಬುಡ್ಡೇಸಾಬ್ ಒಂದೆರಡು ಸಲ ರಬ್ಬರಿನಿಂದ ಉಜ್ಜಿದ. ಕೊನೆಗೆ ಕೇಳಿದ. “ಕಣ್ಣು ಯಕ್ಕಾ? ಮುಚ್ಚಿತ್ತೇನು, ತೆರದಿತ್ತೇನು?”

“ಮುಚ್ಚೇ ಇತ್ತು. ಒಂದ ಸಲ ತೆರೀತು.”

“ಯಾವಾಗ?”

“ಗಾಡ್ಯಾಗ ಹೋಗುವಾಗ. ಇಲ್ಲೇ.”

“ಇಲ್ಲೇ ಅಂದ್ರ?” ಭುವನೇಶ್ವರಿ ತಲೆ ಎತ್ತಿದಳು.

ಕಸ್ತೂರೆಮ್ಮ ಕೈ ಎತ್ತಿ ಗೋಡೆಯಾಚೆಯ ರಸ್ತೆ ತೋರಿಸಿದಳು. “ಈ ದಿಣ್ಣಿ ಮ್ಯಾಲ. ಇದ ಸಾಲಿ ಮುಂದ. ಹುಡುಗುರು ಪ್ರಾರ್ಥನಿ ಅನ್ನಾಕತ್ತಿದ್ರು. ಡ್ರೈವರ ಜೋರ ಬಂದಿದ್ದ, ಗಾಡಿ ಎತ್ತಿ ಹಾಕಿತು. ನಾ ಗಪ್ಪನ ತಲಿ ಹಿಡಕೊಂಡ್ನಿ. ಆ ಕುಲುಕಾಟಕ್ಕ ಕಣ್ಣು ತೆರೀತು. ಎರಡೂ. ಕಿಡಕಿಯಾಗಿಂದ ಬಿಸಿಲು ಬಿದ್ದಿತ್ತು, ಆ ಕಡಿ ಮುಖ ಮಾಡಿ ನೋಡ್ತು. ರೀ, ಕೂಸು ಕಣ್ಣು ಬಿಟ್ಟೈತಿ, ಉಳಿತೈತಿ ಬಿಡ್ರಿ ಅಂದ್ನಿ ನಾನು.”

ರಸ್ತೆಯಲ್ಲಿ ಯಾವುದೋ ಲಾರಿ ಹಂಪು ಹತ್ತಿ ಇಳಿಯಿತು.

“ಹಂಗಾರ ತೆರದ ಕಣ್ಣ ಬರೀತೀನಿ” ಎಂದ ಬುಡ್ಡೇಸಾಬ್.

ಬರೆದು ಮುಗಿದ ಮೇಲೆ ಮೊದಲು ನೋಡಿದವರ ಕೈಗೆ ಕೊಡುವುದು ಅವನ ಪದ್ಧತಿ. ಕಸ್ತೂರೆಮ್ಮ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ತುಟಿ ಇನ್ನಾ ಸಣ್ಣು” ಎಂದಳು. ಅವನು ಅಳಿಸಿ ಸಣ್ಣದು ಮಾಡಿ ಮತ್ತೆ ಕೊಟ್ಟ. ಈ ಸಲ ಅವಳು ಏನೂ ತಕರಾರು ಮಾಡಲಿಲ್ಲ. ಹಾಳೆಯನ್ನು ಸೊಸೆಯ ಕೈಗಿಟ್ಟು ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಬುಡ್ಡೇಸಾಬ್ ಎದ್ದು, ಬೆನ್ನು ತಿರುಗಿಸಿ ಕುಂಚ ತೊಳೆಯತೊಡಗಿದ.

ಭುವನೇಶ್ವರಿ ನೋಡಿದಳು. ಕಣ್ಣು, ಕೂದಲು, ಆ ಮೊಂಡ ಮೂಗು. ಅವಳು ಇಷ್ಟು ವರ್ಷ ಮನಸ್ಸಿನಲ್ಲಿ ಏನೇನೋ ಕಟ್ಟಿಕೊಂಡಿದ್ದಳು, ಅದು ಯಾವುದೂ ಇದಾಗಿರಲಿಲ್ಲ. ಯಾರದೋ ಮನೆಯ ಕೂಸಿನಂತೆ ಅದು ಅವಳ ಆಚೆಗೆ, ಬೆಳಕಿನತ್ತ ನೋಡುತ್ತಿತ್ತು. ಅವಳು ಎಡಗಿವಿಯ ಮಡಿಚಿದ ಅಂಚನ್ನು ಬೆರಳಿನಿಂದ ಮುಟ್ಟಿದಳು. ಪೆನ್ಸಿಲ್ಲಿನ ಕಪ್ಪು ಒಂದಿಷ್ಟು ಬೆರಳಿಗೆ ಹತ್ತಿತು. ಆಗ ಅಳು ಬಂತು. ಬಂದದ್ದು ನಿಲ್ಲಲು ಬಹಳ ಹೊತ್ತಾಯಿತು.

ಹಾಳೆಯನ್ನು ಮಡಿಚದೆ ಹಾಜರಿ ಪುಸ್ತಕದೊಳಗಿಟ್ಟುಕೊಂಡು ಅವಳು ಅತ್ತೆಯನ್ನು ಬಸ್ ಸ್ಟ್ಯಾಂಡಿಗೆ ನಡೆಸಿಕೊಂಡು ಹೋದಳು. ಹೊರಡುವ ಮುಂಚೆ ಬುಡ್ಡೇಸಾಬನ ಹತ್ತಿರ ನಿಂತು, “ಸಾಬಣ್ಣ, ಕರೀಮಾಬಿ ಅವರ ಮೂಗು ಹ್ಯಾಂಗಿತ್ತು?” ಎಂದು ಕೇಳಿದಳು. ಅವನು ಅವಳನ್ನು ಒಂದು ಗಳಿಗೆ ನೋಡಿದ. “ಸೋಮವಾರ ಬರ್ರಿ ಟೀಚರ, ಹೇಳ್ತೀನಿ. ಜಲ್ದಿ ಮುಗಿಯೋ ಮಾತಲ್ಲ ಅದು” ಎಂದ.

ಮಾನ್ವಿ ಕಡೆಯಿಂದ ಬಂದ ಬಸ್ಸಿನಲ್ಲಿ ಎರಡು ಸೀಟು ಸಿಕ್ಕವು. ಆ ಹತ್ತು ಹೆಜ್ಜೆ ಇನ್ನೂ ಭುವನೇಶ್ವರಿಯ ಎದೆಯಲ್ಲಿ ಹಾಗೇ ಇದ್ದವು. ಶಾಲೆಯ ಗೋಡೆ ಬಂತು. ಡ್ರೈವರ್ ಬ್ರೇಕು ಒತ್ತಿದ. ಬಸ್ಸು ಹಂಪು ಏರುತ್ತಿದ್ದಂತೆ ಕಸ್ತೂರೆಮ್ಮ ಕಣ್ಣು ಮುಚ್ಚಿದಳು. ಅವಳ ಎಡಗೈ ತಾನಾಗಿಯೇ ಎದ್ದು ಮಡಿಲ ಮೇಲೆ ಬಂದು, ಅಂಗೈ ಮೇಲಾಗಿ ತುಸು ಬಾಗಿ, ಬಿಗಿಯಾಗಿ ನಿಂತಿತು.

ಭುವನೇಶ್ವರಿ ತನ್ನ ಕೈಯನ್ನು ಆ ಕೈಯ ಕೆಳಗೆ ಇಟ್ಟಳು. ಬಸ್ಸು ಮೆಲ್ಲಗೆ ಇಳಿಯಿತು.